ಹನ್ನೊಂದು ಜನ, ಒಂದು ರಾತ್ರಿ, ಲಯೆಲ್ ಹೊಳೆಯ ದಂಡೆ

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿರುವ ಮೂರು ಕನ್ನಡ ಕುಟುಂಬದವರು. ಯೊಸೆಮಿಟಿ ರಾಷ್ಟ್ರೀಯ ಉದ್ಯಾನಕ್ಕೆ ಎಷ್ಟೋ ಸಲ ಹೋಗಿದ್ದೇವೆ, ಆದರೆ ಕಾರು ನಿಲ್ಲಿಸಿದ ಜಾಗದಿಂದ ಎರಡು ಮೈಲಿ ಆಚೆ ಕಾಲಿಟ್ಟಿಲ್ಲ. ಬರುವ ವರ್ಷ ಲಯೆಲ್ ಕ್ಯಾನಿಯನ್‌ಗೆ ಬೆನ್ನಿಗೆ ಚೀಲ ಹೊತ್ತು ಹೋಗಿ, ನೀರಿನ ಪಕ್ಕ ಒಂದು ರಾತ್ರಿ ಇದ್ದು ಬರುವ ಆಸೆ. ದೊಡ್ಡವರು ಎಂಟು ಜನ, ಮಕ್ಕಳು ಮೂವರು (9, 11 ಮತ್ತು 13 ವರ್ಷ). ದೊಡ್ಡವರಲ್ಲಿ ಒಬ್ಬರು ಊರಿಂದ ಬರುವ ನಮ್ಮ ಮಾವ, 66 ವರ್ಷ, ಬಿಪಿ ಮಾತ್ರೆ ತೆಗೆದುಕೊಳ್ಳುತ್ತಾರೆ. ಕುಕ್ಕರ್ ಒಯ್ಯಬಹುದೇ? ಬೆಂಕಿ ಹಾಕಿ ಅಂತ್ಯಾಕ್ಷರಿ ಆಡಬಹುದೇ? ಕರಡಿ ಬಂದರೆ ಏನು ಮಾಡುವುದು? ಎಲ್ಲಿಂದ ಶುರು ಮಾಡಬೇಕು?

ಉತ್ತರ: ಜಾಗವನ್ನು ಸರಿಯಾಗಿಯೇ ಆರಿಸಿದ್ದೀರಿ. ಮೊದಲ ಸಲ ಚೀಲ ಹೊತ್ತು ಹೊರಡುವ ಗುಂಪಿಗೆ ಸಿಯೆರಾ ನೆವಾಡಾದಲ್ಲಿ ಇದಕ್ಕಿಂತ ಅನುಕೂಲದ ಕಣಿವೆಯನ್ನು ನಾನು ಕಂಡಿಲ್ಲ. ಟುವಾಲಮಿ ಮೆಡೋಸ್‌ನಲ್ಲಿ ಕಾರು ನಿಲ್ಲಿಸುವಾಗಲೇ ನೀವು 8,600 ಅಡಿ ಎತ್ತರದಲ್ಲಿರುತ್ತೀರಿ. ಎತ್ತರ ಹತ್ತುವ ಕೆಲಸವನ್ನೆಲ್ಲ ಕಾರೇ ಮಾಡಿ ಮುಗಿಸಿರುತ್ತದೆ. ಅಲ್ಲಿಂದ ಮುಂದೆ ಕಣಿವೆಯ ತಳ ಏಳೆಂಟು ಮೈಲಿ ಹೆಚ್ಚುಕಡಿಮೆ ಸಮತಟ್ಟು. ಒಂದು ಬದಿಗೆ ಲಾಡ್ಜ್‌ಪೋಲ್ ಪೈನ್ ಕಾಡು, ಇನ್ನೊಂದು ಬದಿಗೆ ಹುಲ್ಲುಗಾವಲು, ಅದರ ನಡುವೆ ಹಾವಿನಂತೆ ಬಳುಕುವ ನೀರು. ಭೂಪಟದಲ್ಲಿ ಇದಕ್ಕೆ ಲಯೆಲ್ ಫೋರ್ಕ್ ಎಂದು ಹೆಸರು. ನನಗೆ ಅದು ಹೊಳೆಯೇ. ಮಳೆಗಾಲ ಮುಗಿದ ಮೇಲೆ ತೀರ್ಥಹಳ್ಳಿಯ ಕಡೆ ತುಂಗೆಗೆ ಸೇರುವ ಹೊಳೆಗಳು ತಳದ ಕಲ್ಲು ಕಾಣುವಷ್ಟು ತಿಳಿಯಾಗುತ್ತವಲ್ಲ, ಅದೇ ಬಣ್ಣ, ಅದೇ ಸದ್ದು.

ಆದ್ದರಿಂದ ದಾರಿಯ ಬಗ್ಗೆ ನನಗೆ ಚಿಂತೆ ಇಲ್ಲ. ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು 'ಹನ್ನೊಂದು ಜನ' ಎನ್ನುವ ಮಾತಿನ ಮೇಲೆ. ಇಬ್ಬರು ಹೋದಾಗ ಏನೂ ಅನ್ನಿಸದ ಸಣ್ಣ ಮರೆವು, ಹನ್ನೊಂದು ಜನ ಹೋದಾಗ ಇಡೀ ರಾತ್ರಿಯನ್ನೇ ಕೆಡಿಸಬಲ್ಲದು. ಹಾಗಾಗಿ ಗುಂಪಿನ ವಿಚಾರವನ್ನೇ ಮೊದಲು ಹೇಳುತ್ತೇನೆ.

ನನ್ನದೇ ಅನುಭವ ಕೇಳಿ. ಕೆಲವು ವರ್ಷಗಳ ಹಿಂದೆ ಒಂಬತ್ತು ಜನ ಇದೇ ಕಣಿವೆಗೆ ಹೋಗಿದ್ದೆವು. ಹಿಂದಿನ ರಾತ್ರಿ ನಮ್ಮ ಮನೆಯ ಹಾಲ್‌ನಲ್ಲಿ ಸಾಮಾನೆಲ್ಲ ಹರಡಿಕೊಂಡು, ತೂಕ ಸಮನಾಗಿರಲಿ ಎಂದು ಹಂಚಿದ್ದು ನಾನೇ. ಒಲೆ ಒಬ್ಬರ ಚೀಲಕ್ಕೆ, ಗ್ಯಾಸಿನ ಡಬ್ಬಿ ಮತ್ತೊಬ್ಬರಿಗೆ, ಪಾತ್ರೆ ಮೂರನೆಯವರಿಗೆ. ತೂಕವೇನೋ ಗ್ರಾಂ ಲೆಕ್ಕದಲ್ಲಿ ಸಮನಾಯಿತು. ದಾರಿಯಲ್ಲಿ ರಾಫರ್ಟಿ ಕ್ರೀಕ್ ಎಂಬ ತೊರೆಯ ಹತ್ತಿರ ಒಂದು ಕವಲು ಬರುತ್ತದೆ. ಬಲಕ್ಕೆ ಹೋದರೆ ವೋಗಲ್‌ಸ್ಯಾಂಗ್, ನೇರ ಹೋದರೆ ಲಯೆಲ್. ಮುಂದಿದ್ದ ಐವರು ನೇರ ಹೋದೆವು. ಮಾತಾಡುತ್ತಾ ಹಿಂದೆ ಬರುತ್ತಿದ್ದ ನಾಲ್ವರು ಬಲಕ್ಕೆ ತಿರುಗಿ ಏರು ಹತ್ತತೊಡಗಿದರು. ಅವರಿಗೆ ತಪ್ಪು ಗೊತ್ತಾಗಿ ಇಳಿದು, ನಮ್ಮ ಬಿಡಾರ ಹುಡುಕಿಕೊಂಡು ಬರುವ ಹೊತ್ತಿಗೆ ರಾತ್ರಿ ಎಂಟೂವರೆ. ಅಷ್ಟು ಹೊತ್ತೂ ನಮ್ಮ ಹತ್ತಿರ ಒಲೆ ಇತ್ತು, ಗ್ಯಾಸ್ ಇರಲಿಲ್ಲ. ಡೇರೆಯ ಬಟ್ಟೆ ಇತ್ತು, ಅದರ ಕೋಲು ಇರಲಿಲ್ಲ. ಹತ್ತು ವರ್ಷದ ಹುಡುಗಿಯೊಬ್ಬಳು ಸ್ಲೀಪಿಂಗ್ ಬ್ಯಾಗ್ ಸುತ್ತಿಕೊಂಡು ಕಲ್ಲಿನ ಮೇಲೆ ಕೂತು, 'ಅಪ್ಪ ಎಷ್ಟೊತ್ತಿಗೆ ಬರ್ತಾರೆ ಅಂಕಲ್?' ಎಂದು ಐದು ನಿಮಿಷಕ್ಕೊಮ್ಮೆ ಕೇಳುತ್ತಿದ್ದಳು. ಯಾರಿಗೂ ಪೆಟ್ಟಾಗಲಿಲ್ಲ. ಆದರೂ ಆ ಪ್ರಶ್ನೆ ಇವತ್ತಿಗೂ ನನ್ನ ಕಿವಿಯಲ್ಲಿದೆ.

ಅಂದಿನಿಂದ ನಾನು ಗುಂಪನ್ನು ಒಲೆಗಳಾಗಿ ಒಡೆಯುತ್ತೇನೆ. ನೀವು ಮೂರು ಕುಟುಂಬ ಇರುವುದರಿಂದ ಮೂರು ಒಲೆ. ಒಂದೊಂದು ಒಲೆಗೂ ತನ್ನದೇ ಡೇರೆ, ತನ್ನದೇ ಪಾತ್ರೆ, ಗ್ಯಾಸು, ಲೈಟರು, ನೀರು ಸೋಸುವ ಫಿಲ್ಟರು, ಊಟ, ಭೂಪಟ. ಯಾವ ಒಲೆಯವರು ಎಲ್ಲಿ ಉಳಿದರೂ ಆ ರಾತ್ರಿ ಬಿಸಿಯೂಟ ಮಾಡಿ ಬೆಚ್ಚಗೆ ಮಲಗುವಂತಿರಬೇಕು. ಇದರಿಂದ ಒಟ್ಟು ತೂಕ ಒಂದೆರಡು ಕಿಲೋ ಹೆಚ್ಚಾಗುತ್ತದೆ. ಆಗಲಿ. ಮಕ್ಕಳು ತಮ್ಮ ಸ್ಲೀಪಿಂಗ್ ಬ್ಯಾಗ್, ಬೆಚ್ಚನೆಯ ಬಟ್ಟೆ, ನೀರಿನ ಬಾಟಲಿ ಹೊತ್ತರೆ ಸಾಕು. ದೊಡ್ಡವರ ಚೀಲ ಅವರವರ ಮೈತೂಕದ ಐದನೇ ಒಂದು ಭಾಗ ಮೀರದಂತೆ ನೋಡಿಕೊಳ್ಳಿ. ಹೊರಡುವ ತಿಂಗಳ ಮುಂಚೆ ಎರಡು ಶನಿವಾರ ಅದೇ ಚೀಲ ತುಂಬಿಕೊಂಡು ನಿಮ್ಮ ಹತ್ತಿರದ ಯಾವುದಾದರೂ ಗುಡ್ಡದಲ್ಲಿ ಐದು ಮೈಲಿ ನಡೆದು ಬನ್ನಿ. ಹೊಸ ಬೂಟು ಎಲ್ಲಿ ಕಚ್ಚುತ್ತದೆ, ಯಾರ ಚೀಲದ ಪಟ್ಟಿ ಹೆಗಲು ಕೊರೆಯುತ್ತದೆ ಎಂಬುದೆಲ್ಲ ಅಲ್ಲೇ ಗೊತ್ತಾಗಲಿ.

ಇನ್ನು ನಡೆಯುವಾಗಿನ ನಿಯಮ ಒಂದೇ: ಕವಲು ಬಂದಲ್ಲಿ, ಸೇತುವೆ ಬಂದಲ್ಲಿ, ಕೊನೆಯವರು ಬಂದು ಮುಟ್ಟುವವರೆಗೆ ಮುಂದಿನವರು ಹೆಜ್ಜೆ ಎತ್ತುವ ಹಾಗಿಲ್ಲ. ಕೊನೆಯವರು ಯಾರೆಂದು ಬೆಳಿಗ್ಗೆಯೇ ಹೆಸರು ಹೇಳಿ ಗೊತ್ತು ಮಾಡಿ. ಅವರು ಗುಂಪಿನಲ್ಲಿ ಗಟ್ಟಿಯಾಗಿ ನಡೆಯಬಲ್ಲವರಾಗಿರಲಿ. ಸಾಮಾನ್ಯವಾಗಿ ನಾವು ತ್ರಾಣ ಇರುವವರನ್ನು ಮುಂದೆ ಬಿಡುತ್ತೇವೆ, ಸುಸ್ತಾದವರು ಹಿಂದೆ ಒಬ್ಬರೇ ಉಳಿಯುತ್ತಾರೆ. ಅದನ್ನು ತಿರುಗಿಸಿ. ಒಂಬತ್ತು ವರ್ಷದ ಮಗುವನ್ನು ಮುಂದೆ ಬಿಡಿ, ಅದರ ಕಾಲಿನ ಲಯಕ್ಕೆ ಎಲ್ಲರೂ ನಡೆಯಲಿ.

ದಾರಿ ಹೀಗಿದೆ. ಮೊದಲ ಸುಮಾರು ಒಂದು ಮೈಲಿಯಲ್ಲೇ ಡೇನಾ ಫೋರ್ಕ್ ಮೇಲೆ ಒಂದು ಸೇತುವೆ, ಆಮೇಲೆ ಲಯೆಲ್ ಫೋರ್ಕ್ ಮೇಲೆ ಜೋಡಿ ಸೇತುವೆ. ಈ ಎರಡು ಹೊಳೆ ಸೇರಿಯೇ ಟುವಾಲಮಿ ನದಿಯಾಗುವುದು. ಅದರ ನಂತರ ನಾನು ಹೇಳಿದ ರಾಫರ್ಟಿ ಕವಲು. ಅಲ್ಲಿಂದ ಮುಂದೆ ಹೊಳೆ ನಿಮ್ಮ ಎಡಗಡೆಗೇ ಇರುತ್ತದೆ, ದಾರಿ ತಪ್ಪುವ ಭಯವಿಲ್ಲ. ಟುವಾಲಮಿ ಮೆಡೋಸ್‌ನಿಂದ ನಾಲ್ಕು ಮೈಲಿ ಒಳಗೆ ಹೋಗುವವರೆಗೆ ಬಿಡಾರ ಹೂಡಲು ಅನುಮತಿ ಇಲ್ಲ. ಐದೂವರೆ ಆರು ಮೈಲಿಯಲ್ಲಿ ಐರ್ಲೆಂಡ್ ಕ್ರೀಕ್ ಬಂದು ಸೇರುತ್ತದೆ. ಅದರ ಆಸುಪಾಸಿನ ಮರಗಳ ನಡುವೆ ಹಿಂದಿನವರು ಬಳಸಿದ ಒಳ್ಳೆಯ ಜಾಗಗಳಿವೆ. ಅಲ್ಲಿಗೆ ನಿಲ್ಲಿಸಿ. ಬೆಳಿಗ್ಗೆ ಹತ್ತಕ್ಕೆ ಹೊರಟರೆ, ಮಕ್ಕಳ ನಡಿಗೆಯಲ್ಲಿ, ಊಟಕ್ಕೆ ಒಂದು ಗಂಟೆ ಹಿಡಿದರೂ, ಮೂರೂವರೆಗೆ ಮುಟ್ಟುತ್ತೀರಿ. ಇನ್ನೂ ಮೂರು ಮೈಲಿ ಹೋದರೆ ಕಣಿವೆಯ ತುದಿ, ಅಲ್ಲಿಂದ ಡಾನಹ್ಯೂ ಪಾಸ್‌ಗೆ ಕಡಿದಾದ ಏರು. ಆ ಆಸೆ ಈ ಸಲ ಬೇಡ.

ಈಗ ಹೊಳೆಯ ವಿಚಾರ. ಮಲೆನಾಡಿನಲ್ಲಿ ಬೆಳೆದ ನನಗೆ ಇದನ್ನು ಕಲಿಯಲು ಸ್ವಲ್ಪ ಕಾಲ ಹಿಡಿಯಿತು. ನಮ್ಮೂರ ಹೊಳೆ ಮಳೆ ನೋಡಿ ಏರುತ್ತದೆ. ಮೋಡ ಕಟ್ಟಿತೆಂದರೆ ದನ ಈಚೆ ಹೊಡೆಯುತ್ತೇವೆ. ಲಯೆಲ್ ಹೊಳೆ ಬಿಸಿಲು ನೋಡಿ ಏರುತ್ತದೆ. ಮೇಲೆ ಹಿಮ ಕರಗುವುದು ಹಗಲಲ್ಲಿ, ಆ ನೀರು ಕಣಿವೆಗೆ ಬಂದು ಮುಟ್ಟುವುದು ಸಂಜೆಗೆ. ಆಕಾಶ ಶುಭ್ರವಾಗಿದ್ದು ಬಿಸಿಲು ಚೆನ್ನಾಗಿ ಕಾಯ್ದ ದಿನವೇ ಸಂಜೆಯ ನೀರು ಜೋರು. ರಾತ್ರಿಯ ಚಳಿಗೆ ಕರಗುವುದು ನಿಂತು, ಬೆಳಗಿನ ಜಾವಕ್ಕೆ ನೀರು ತಗ್ಗುತ್ತದೆ. ಸಂಜೆ ದಂಡೆಯ ಒಂದು ಕಲ್ಲನ್ನು ಗುರುತಿಟ್ಟುಕೊಂಡು ಬೆಳಿಗ್ಗೆ ಮಕ್ಕಳನ್ನು ಕರೆದು ತೋರಿಸಿ. ಜುಲೈ ತಿಂಗಳಾದರೆ, ರಾತ್ರಿ ಮುಳುಗಿದ್ದ ಕಲ್ಲಿನ ತಲೆ ಬೆಳಿಗ್ಗೆ ಹೊರಗೆ ಬಂದಿರುತ್ತದೆ, ಅದರ ಮೇಲೆ ಒದ್ದೆಯ ಗೆರೆ ಇನ್ನೂ ಆರಿರುವುದಿಲ್ಲ. ನೀವು ಹೋಗುವಷ್ಟು ದೂರದಲ್ಲಿ ದೊಡ್ಡ ನೀರನ್ನು ಇಳಿದು ದಾಟುವ ಪ್ರಸಂಗ ಬರುವುದಿಲ್ಲ. ಬಂದದ್ದೇ ಆದರೆ ಬೆಳಿಗ್ಗೆ ದಾಟಿ, ಚೀಲದ ಸೊಂಟಪಟ್ಟಿ ಬಿಚ್ಚಿಕೊಂಡು ದಾಟಿ. ಕಾಲು ಜಾರಿದರೆ ಚೀಲವನ್ನು ಹೋಗಬಿಡಬೇಕು, ಅದು ನಿಮ್ಮನ್ನು ಮುಳುಗಿಸಬಾರದು. ಮಕ್ಕಳು ಈಜುವ ಮಾತೆತ್ತಿದರೆ ಮೊಣಕಾಲಿನ ಮಟ್ಟಕ್ಕೆ ನಿಲ್ಲಿಸಿ. ಆಗಷ್ಟೇ ಕರಗಿದ ಹಿಮದ ನೀರಲ್ಲಿ ಕೈಕಾಲು ಕೆಲವೇ ನಿಮಿಷಕ್ಕೆ ಸೆಟೆದುಕೊಳ್ಳುತ್ತದೆ.

ಹಾಗಾದರೆ ಯಾವಾಗ ಹೋಗುವುದು? ನನ್ನ ಮತ ಸೆಪ್ಟೆಂಬರ್ ಮೊದಲ ಎರಡು ವಾರ. ಜೂನ್ ಕೊನೆಯಿಂದ ಜುಲೈವರೆಗೆ ಹುಲ್ಲು ಹಸಿರಾಗಿ ಹೂವು ತುಂಬಿರುತ್ತದೆ, ನಿಜ. ಆದರೆ ಸೊಳ್ಳೆಗಳ ಕಾಟಕ್ಕೆ ಮಕ್ಕಳು ಡೇರೆಯಿಂದ ಹೊರಗೇ ಬರುವುದಿಲ್ಲ. ಅಲ್ಲದೆ ಟುವಾಲಮಿ ಮೆಡೋಸ್‌ಗೆ ಹೋಗುವ ಟಯೋಗಾ ರಸ್ತೆ ಯಾವಾಗ ತೆರೆಯುತ್ತದೆ ಎನ್ನುವುದು ಆ ವರ್ಷದ ಹಿಮದ ಮೇಲೆ ನಿಂತಿದೆ. 2023ರಲ್ಲಿ ಅದು ತೆರೆದದ್ದು ಜುಲೈ 22ಕ್ಕೆ. ಜುಲೈ, ಆಗಸ್ಟ್‌ನ ಮಧ್ಯಾಹ್ನಗಳಲ್ಲಿ ಗುಡುಗು ಸಿಡಿಲು ಬರುತ್ತದೆ. ಬಯಲಾದ ಹುಲ್ಲುಗಾವಲಿನಲ್ಲಿ ಹನ್ನೊಂದು ಜನ ಸಿಕ್ಕಿಹಾಕಿಕೊಳ್ಳುವುದು ನನಗೆ ಇಷ್ಟವಿಲ್ಲ. ಸೆಪ್ಟೆಂಬರ್‌ನಲ್ಲಿ ಹುಲ್ಲು ಹೊಂಬಣ್ಣಕ್ಕೆ ತಿರುಗಿರುತ್ತದೆ, ಸೊಳ್ಳೆ ಇರುವುದಿಲ್ಲ, ನೀರು ತಗ್ಗಿರುತ್ತದೆ. ರಾತ್ರಿ ಮಾತ್ರ ನೀರು ಹೆಪ್ಪುಗಟ್ಟುವ ಚಳಿ. ಕಾಳ್ಗಿಚ್ಚಿನ ಹೊಗೆ ಬಂದರೆ ಯೋಚನೆ ಮಾಡದೆ ರದ್ದು ಮಾಡಿ.

ಮಾವನವರ ವಿಚಾರವನ್ನು ನೇರವಾಗಿ ಹೇಳುತ್ತೇನೆ, ಬೇಸರ ಬೇಡ. ಸಮುದ್ರಮಟ್ಟದ ಸನಿವೇಲ್‌ನಿಂದ ನಾಲ್ಕೈದು ಗಂಟೆ ಕಾರಿನಲ್ಲಿ ಕೂತು 8,600 ಅಡಿಗೆ ಏರಿದಾಗ ಇಪ್ಪತ್ತೈದರ ಹುಡುಗರಿಗೂ ತಲೆ ಸಿಡಿಯುತ್ತದೆ, ಊಟ ಸೇರುವುದಿಲ್ಲ, ನಿದ್ದೆ ಹತ್ತುವುದಿಲ್ಲ. ವಯಸ್ಸಿಗೂ ಇದಕ್ಕೂ ಅಷ್ಟು ಸಂಬಂಧವಿಲ್ಲ, ಯಾರಿಗೆ ಬರುತ್ತದೆಂದು ಮೊದಲೇ ಹೇಳಲಾಗದು. ಅವರು ಊರಲ್ಲಿ ದಿನಾ ನಡೆಯುವವರಾಗಿದ್ದರೆ, ವೈದ್ಯರು ಈ ಎತ್ತರಕ್ಕೆ ಮತ್ತು ಆ ಮಾತ್ರೆಗೆ ಒಪ್ಪಿದರೆ, ಬರಲಿ. ಆದರೆ ಎಲ್ಲರೂ ಹಿಂದಿನ ದಿನವೇ ಹೋಗಿ ಒಂದು ರಾತ್ರಿ ಮೇಲೆಯೇ ಮಲಗಬೇಕು. ಕಾಡಿನಲ್ಲಿ ರಾತ್ರಿ ಉಳಿಯಲು ಪಾರ್ಕ್ ಕೊಡುವ ಪರ್ಮಿಟ್ ಇದ್ದವರಿಗೆ ಹೊರಡುವ ಹಿಂದಿನ ರಾತ್ರಿ ಟುವಾಲಮಿ ಮೆಡೋಸ್‌ನ ಬ್ಯಾಕ್‌ಪ್ಯಾಕರ್‌ಗಳ ಕ್ಯಾಂಪಿನಲ್ಲಿ ತಂಗಲು ಅವಕಾಶವಿದೆ. ಬೆಳಿಗ್ಗೆ ಅವರ ಮುಖ ನೋಡಿ. ತಲೆನೋವು, ವಾಕರಿಕೆ ಇದ್ದರೆ ಜೋಡಿ ಸೇತುವೆಯವರೆಗೆ ಎಲ್ಲರ ಜತೆ ನಡೆದು, ನೀರಿಗೆ ಕಾಲು ಬಿಟ್ಟು ಕೂತು, ಬುತ್ತಿ ಬಿಚ್ಚಿ ಉಂಡು, ಒಬ್ಬರ ಜತೆ ಹಿಂದಿರುಗಲಿ. ಹಿಂದಿರುಗುವ ಆ ಜತೆಗಾರ ಯಾರೆಂದು ಮನೆಯಲ್ಲೇ ತೀರ್ಮಾನಿಸಿ. ಹೊರಟ ಮೇಲೆ ಕೇಳಿದರೆ ಎಲ್ಲರೂ ಮುಖ ಮುಖ ನೋಡುತ್ತಾರೆ. ಆಗ ದೊಡ್ಡವರು 'ನನಗೇನೂ ಆಗಿಲ್ಲ, ನಡೀರಿ' ಎಂದು ಎದ್ದುಬಿಡುತ್ತಾರೆ. ಅಪಾಯ ಬರುವುದು ಆ ಸಂಕೋಚದಿಂದ. ಅವರ ಪ್ರವಾಸದ ವಿಮೆಯಲ್ಲಿ ಇಂಥ ಜಾಗದಿಂದ ಹೊತ್ತು ತರುವ ಖರ್ಚು ಸೇರಿದೆಯೇ ಎಂದೂ ಓದಿ ನೋಡಿ.

ಕುಕ್ಕರ್ ಪ್ರಶ್ನೆ ಕೇಳಿದ್ದು ಒಳ್ಳೆಯದಾಯಿತು. 9,000 ಅಡಿಯಲ್ಲಿ ನೀರು ಸುಮಾರು 91 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ. ಕಣ್ಣಿಗೆ ಕೊತಕೊತ ಕುದಿಯುವಂತೆ ಕಂಡರೂ ಅದರಲ್ಲಿ ಬೇಯಿಸುವ ಕಾವಿಲ್ಲ. ತೊಗರಿಬೇಳೆ ಹಾಕಿದರೆ ಗ್ಯಾಸ್ ಮುಗಿಯುತ್ತದೆ, ಬೇಳೆ ಬೆಂದಿರುವುದಿಲ್ಲ. ಕುಕ್ಕರ್ ಒಯ್ದರೆ ಬೇಯುತ್ತದೆ ನಿಜ, ಆದರೆ ಆ ಕಬ್ಬಿಣದಂಥ ತೂಕವನ್ನು ಆರು ಮೈಲಿ ಹೊರುವವರು ಯಾರು? ಬೇಯಿಸಬೇಕಾಗಿಲ್ಲದ ಅಡುಗೆ ನಮ್ಮಲ್ಲೇ ಬೇಕಾದಷ್ಟಿದೆ. ನನ್ನ ರಾತ್ರಿಯೂಟ ಯಾವಾಗಲೂ ಗೊಜ್ಜವಲಕ್ಕಿ. ಅವಲಕ್ಕಿಯನ್ನು ರವೆಯಂತೆ ತರಿ ಮಾಡಿ, ಹುಣಸೆಯನ್ನು ಒಣಗಿಸಿ ಪುಡಿ ಮಾಡಿ, ಸಾರಿನ ಪುಡಿ, ಉಪ್ಪು, ಬೆಲ್ಲದ ಪುಡಿ, ಕೊಬ್ಬರಿ ತುರಿ ಬೆರೆಸಿ, ಒಗ್ಗರಣೆಯನ್ನು ಮನೆಯಲ್ಲೇ ಹಾಕಿ ಆರಿಸಿ ಜಿಪ್ ಚೀಲಕ್ಕೆ ತುಂಬುತ್ತೇನೆ. ಅಲ್ಲಿ ಬಿಸಿನೀರು ಹುಯ್ದು ಹತ್ತು ನಿಮಿಷ ಮುಚ್ಚಿಟ್ಟರೆ ಊಟ ಸಿದ್ಧ, ತೊಳೆಯಲು ಪಾತ್ರೆಯೂ ಇಲ್ಲ. ಬೆಳಿಗ್ಗೆಗೆ ಹುರಿದ ಶಾವಿಗೆ ಅಥವಾ ಉಪ್ಪಿಟ್ಟಿನ ಮಿಕ್ಸ್. ದಾರಿಗೆ ಚಿಕ್ಕಿ, ಹುರಿಗಡಲೆ, ಚಪಾತಿಗೆ ಚಟ್ನಿಪುಡಿ ತುಪ್ಪ. ಮಾವನವರಿಗೆ ಹುರಿಹಿಟ್ಟು ಮಜ್ಜಿಗೆಪುಡಿಯಲ್ಲಿ ಕಲಸಿ ಕೊಡಿ, ಎತ್ತರದಲ್ಲಿ ಹಸಿವು ಸತ್ತಾಗಲೂ ಅದು ಇಳಿಯುತ್ತದೆ.

ಗ್ಯಾಸಿನ ಲೆಕ್ಕ: ನಾಲ್ಕು ಜನರ ಒಂದು ಒಲೆಗೆ ಎರಡು ಹೊತ್ತಿನ ಊಟ, ಎರಡು ಸಲ ಚಹಾ ಸೇರಿ ಆರು ಲೀಟರ್ ನೀರು ಕಾಯಬೇಕು. 100 ಗ್ರಾಂನ ಸಣ್ಣ ಡಬ್ಬಿಯಲ್ಲಿ ಗಾಳಿ ಇಲ್ಲದಿದ್ದರೆ ಹೆಚ್ಚುಕಡಿಮೆ ಅಷ್ಟೇ ಕಾಯುತ್ತದೆ, ಅಂದರೆ ತೀರ ಅಂಚಿನ ಲೆಕ್ಕ. ಒಲೆಗೊಂದು 230 ಗ್ರಾಂನ ಡಬ್ಬಿ ಒಯ್ಯಿರಿ. ಬೆಳಗಿನ ಚಳಿಯಲ್ಲಿ ಒಳಗಿನ ಬ್ಯೂಟೇನ್ ಆವಿಯಾಗದೆ ಉರಿ ಸೊರಗುತ್ತದೆ. ರಾತ್ರಿ ಡಬ್ಬಿಯನ್ನು ಸ್ಲೀಪಿಂಗ್ ಬ್ಯಾಗಿನ ಕಾಲ ಬಳಿ ಇಟ್ಟುಕೊಂಡು ಮಲಗಿ. ನೀರಿನ ಫಿಲ್ಟರನ್ನೂ ಹಾಗೆಯೇ ಒಳಗೆ ಇಟ್ಟುಕೊಳ್ಳಿ. ಅದರೊಳಗಿನ ಸಣ್ಣ ನಳಿಕೆಗಳಲ್ಲಿ ನೀರು ಹೆಪ್ಪುಗಟ್ಟಿದರೆ ಅವು ಒಡೆಯುತ್ತವೆ, ಒಡೆದದ್ದು ಹೊರಗೆ ಕಾಣುವುದೂ ಇಲ್ಲ. ಹೊಳೆಯ ನೀರು ಎಷ್ಟು ತಿಳಿಯಾಗಿದ್ದರೂ ಹಾಗೇ ಕುಡಿಯಬೇಡಿ. ಅದರಲ್ಲಿ ಹೊಟ್ಟೆ ಕೆಡಿಸುವ ಜಿಯಾರ್ಡಿಯಾ ಎಂಬ ಸೂಕ್ಷ್ಮಜೀವಿ ಇರಬಹುದು. ಫಿಲ್ಟರ್ ಕೈಕೊಟ್ಟರೆ ಈ ಎತ್ತರದಲ್ಲಿ ಮೂರು ನಿಮಿಷ ಕುದಿಸಿ.

ಕರಡಿ. ಅಲ್ಲಿರುವುದು ಕಪ್ಪು ಕರಡಿ, ಅದಕ್ಕೆ ಬೇಕಾದದ್ದು ನಿಮ್ಮ ಊಟ. ಯೊಸೆಮಿಟಿಯ ಕಾಡಿನಲ್ಲಿ ರಾತ್ರಿ ಉಳಿಯುವವರೆಲ್ಲ ಊಟವನ್ನು ಕರಡಿಗೆ ತೆರೆಯಲಾಗದ ಗಟ್ಟಿ ಡಬ್ಬಿಯಲ್ಲಿಡಲೇಬೇಕು. ಪರ್ಮಿಟ್ ಕೊಡುವ ಕಚೇರಿಯಲ್ಲೇ ಅದು ಬಾಡಿಗೆಗೆ ಸಿಗುತ್ತದೆ. ಒಲೆಗೊಂದರಂತೆ ಮೂರು ದೊಡ್ಡ ಡಬ್ಬಿ ನಿಮಗೆ ಸಾಕು. ಕರಡಿಯ ಮೂಗಿಗೆ ಪರಿಮಳ ಬರುವುದೆಲ್ಲ ಊಟವೇ. ಟೂತ್‌ಪೇಸ್ಟ್, ಸನ್‌ಸ್ಕ್ರೀನ್, ಹ್ಯಾಂಡ್ ಸ್ಯಾನಿಟೈಜರ್, ಅಮೃತಾಂಜನ, ತಲೆಗೆ ಹಚ್ಚುವ ಎಣ್ಣೆ, ಮಾವನವರು ಸಂಧ್ಯಾವಂದನೆಗೆ ಊದುಬತ್ತಿ ತಂದಿದ್ದರೆ ಅದು ಕೂಡ ಡಬ್ಬಿಯೊಳಗೆ. ಮಗುವಿನ ಜೇಬಿನಲ್ಲಿ ಉಳಿದ ಚಿಕ್ಕಿಯ ತುಂಡನ್ನು ಮಲಗುವ ಮುಂಚೆ ಹುಡುಕಿ ತೆಗೆಯಿರಿ. ಡಬ್ಬಿಗಳನ್ನು ಡೇರೆಯಿಂದ ಮೂವತ್ತು ನಲವತ್ತು ಹೆಜ್ಜೆ ದೂರ, ಉರುಳಿ ನೀರಿಗೆ ಬೀಳದಂಥ ಕಡೆ ಇಡಿ. ಕಾರಿನಲ್ಲೂ ಒಂದು ಬಿಸ್ಕತ್ತಿನ ಪೊಟ್ಟಣ ಬಿಡದೆ ಎಲ್ಲವನ್ನೂ ಅಲ್ಲಿನ ಕಬ್ಬಿಣದ ಪೆಟ್ಟಿಗೆಗೆ ಹಾಕಿ. ಕರಡಿ ಬಿಡಾರದ ಹತ್ತಿರ ಬಂದರೆ ಮಕ್ಕಳನ್ನು ನಡುವೆ ಸೇರಿಸಿಕೊಂಡು ಎಲ್ಲರೂ ಒಟ್ಟಿಗೆ ನಿಂತು ಕೂಗಿ, ಪಾತ್ರೆ ಬಡಿಯಿರಿ, ಸಾಮಾನ್ಯವಾಗಿ ಓಡುತ್ತದೆ. ಅದರ ದಾರಿಗೆ ಅಡ್ಡ ನಿಲ್ಲಬೇಡಿ. ಊಟ ಅದರ ಪಾಲಾಗಿದ್ದರೆ ಕಿತ್ತುಕೊಳ್ಳಲು ಹೋಗಬೇಡಿ. ಮನುಷ್ಯರ ಊಟದ ರುಚಿ ಹತ್ತಿದ ಕರಡಿ ಮತ್ತೆ ಮತ್ತೆ ಬರುತ್ತದೆ, ಕೊನೆಗೆ ಅದನ್ನು ಕೊಲ್ಲಬೇಕಾಗುತ್ತದೆ. ಡಬ್ಬಿಯ ಮುಚ್ಚಳ ಸರಿಯಾಗಿ ತಿರುಗಿಸುವುದು ಕರಡಿಯ ಜೀವದ ಪ್ರಶ್ನೆಯೂ ಹೌದು.

ನೀವು ಕೇಳದೆ ಬಿಟ್ಟ ಒಂದು ವಿಷಯವಿದೆ, ಯಾರೂ ಕೇಳುವುದಿಲ್ಲ: ಬಯಲು ಕಡೆ. ಹನ್ನೊಂದು ಜನರ ಬೆಳಿಗ್ಗೆ ಎಂದರೆ ಸಣ್ಣ ವಿಚಾರವಲ್ಲ. ನೀರಿನಿಂದ, ದಾರಿಯಿಂದ, ಬಿಡಾರದಿಂದ ಎಪ್ಪತ್ತು ಹೆಜ್ಜೆ ದೂರ, ಒಬ್ಬೊಬ್ಬರು ಒಂದೊಂದು ದಿಕ್ಕಿಗೆ, ಸಣ್ಣ ಕೈಗುದ್ದಲಿಯಲ್ಲಿ ಗೇಣುದ್ದ ಅಗೆದು ಕೂರಬೇಕು, ಆಮೇಲೆ ಮಣ್ಣು ಮುಚ್ಚಬೇಕು. ಟಿಶ್ಯೂ ಬಳಸಿದವರು ಅದನ್ನು ಚೀಲದಲ್ಲಿ ಕಟ್ಟಿ ವಾಪಸು ತರಬೇಕು, ಹೂಳುವಂತಿಲ್ಲ. ಇಲ್ಲಿ ನಮ್ಮ ನೀರಿನ ಅಭ್ಯಾಸವೇ ಮೇಲು. ಅದಕ್ಕೆಂದೇ ಗುರುತು ಹಾಕಿದ ಒಂದು ಬಾಟಲಿ ಒಯ್ಯಿರಿ, ತೊಳೆದ ನೀರು ಅದೇ ಗುಂಡಿಗೆ ಹೋಗಲಿ. ಪಾತ್ರೆ ತೊಳೆಯುವುದು, ಹಲ್ಲುಜ್ಜುವುದು ಕೂಡ ನೀರಿನಿಂದ ಅಷ್ಟೇ ದೂರ. ಸೋಪು, ಅದು ಎಂಥದ್ದೇ ಆಗಿರಲಿ, ಹೊಳೆಗೆ ಇಳಿಯಬಾರದು.

ಇದನ್ನು ನಾನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಆ ಹೊಳೆ ಟುವಾಲಮಿಯಾಗಿ ಹರಿದು ಹೆಚ್‌ಹೆಚ್ಚಿ ಜಲಾಶಯ ಸೇರುತ್ತದೆ. 1923ರಲ್ಲಿ ಅಲ್ಲಿ ಓಶಾನೆಸ್ಸಿ ಅಣೆಕಟ್ಟು ಕಟ್ಟಿ ಒಂದು ಇಡೀ ಕಣಿವೆಯನ್ನು ಮುಳುಗಿಸಿದರು. ಅಲ್ಲಿಂದ ಕೊಳವೆ, ಸುರಂಗಗಳಲ್ಲಿ ನೀರು ಸ್ಯಾನ್ ಫ್ರಾನ್ಸಿಸ್ಕೊಗೂ ಕೊಲ್ಲಿಯ ಸುತ್ತಲ ಅನೇಕ ಊರುಗಳಿಗೂ ಬರುತ್ತದೆ. ಸನಿವೇಲ್ ನಗರದ ನೀರಿನಲ್ಲೂ ಅದರ ಪಾಲಿದೆ. ನೀವು ಬಿಡಾರದ ಮುಂದೆ ಬಗ್ಗಿ ಬೊಗಸೆಯಲ್ಲಿ ಮುಖ ತೊಳೆಯುವ ನೀರು, ನಿಮ್ಮ ಅಡುಗೆಮನೆಯ ನಲ್ಲಿಗೆ ಹೊರಟ ನೀರು. ಮಕ್ಕಳಿಗೆ ಇದನ್ನು ಹೊಳೆಯ ದಂಡೆಯಲ್ಲೇ ನಿಂತು ಹೇಳಿ. ಹಾಗೆಯೇ ಕಣಿವೆಯ ತಲೆಯ ಕಡೆ ಕೈ ತೋರಿಸಿ. 13,000 ಅಡಿ ದಾಟಿದ ಮೌಂಟ್ ಲಯೆಲ್ ಅಲ್ಲಿದೆ, ಅದರ ಮಡಿಲಲ್ಲಿ ಲಯೆಲ್ ಹಿಮನದಿ. ಅದು ಚಲಿಸುವುದನ್ನೇ ನಿಲ್ಲಿಸಿದೆ ಎಂದು 2013ರಲ್ಲಿ ಪ್ರಕಟವಾಯಿತು. ಹಿಮ ಅಷ್ಟು ತೆಳುವಾಗಿ, ತನ್ನ ಭಾರಕ್ಕೆ ತಾನೇ ಜಾರುವ ಶಕ್ತಿ ಉಳಿದಿಲ್ಲ. ಸೆಪ್ಟೆಂಬರ್‌ನಲ್ಲಿ, ಆ ಚಳಿಗಾಲದ ಹಿಮವೆಲ್ಲ ಕರಗಿ ಮುಗಿದ ಮೇಲೂ ಹೊಳೆಯಲ್ಲಿ ಒಂದಿಷ್ಟು ನೀರು ಉಳಿಯುವುದು ಅಂಥ ಹಳೆಯ ಮಂಜಿನಿಂದ. ನಾನು ಮೊದಲ ಸಲ ಹೋದಾಗ ಅದು ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಆ ನೀರಿನ ಸದ್ದು ನನಗೆ ಬೇರೆಯಾಗಿಯೇ ಕೇಳಿಸುತ್ತದೆ.

ಡೇರೆಯನ್ನು ಹುಲ್ಲಿನ ಮೇಲೆ ಹಾಕಬೇಡಿ. ಹುಲ್ಲು ಹಾಳಾಗುವುದು ಒಂದು ಕಾರಣ. ಚಳಿ ಇನ್ನೊಂದು. ರಾತ್ರಿ ತಣ್ಣನೆಯ ಗಾಳಿ ಬೆಟ್ಟದಿಂದ ನೀರಿನ ಹಾಗೆ ಇಳಿದು ಬಂದು ಹುಲ್ಲುಗಾವಲಿನಲ್ಲಿ ಮಡುಗಟ್ಟುತ್ತದೆ. ಅಲ್ಲಿ ಮಲಗಿದವರ ಡೇರೆಯ ಒಳಮೈ ಬೆಳಗಾಗುವಾಗ ಇಬ್ಬನಿಯಿಂದ ತೊಟ್ಟಿಕ್ಕುತ್ತದೆ. ನೀರಿನಿಂದ 100 ಅಡಿ ದೂರ, ಇಪ್ಪತ್ತು ಮೂವತ್ತು ಅಡಿ ಮೇಲೆ ಮರಗಳ ನಡುವೆ, ಒಣ ಸೂಜಿಎಲೆ ಹಾಸಿದ ಗಟ್ಟಿ ನೆಲ ಹುಡುಕಿ. ಕೆಳಗೆ ಹಾಸುವ ಪ್ಯಾಡ್ ಮೇಲೆ ಹೊದೆಯುವುದರಷ್ಟೇ ಮುಖ್ಯ, ಚಳಿ ಹೆಚ್ಚು ಏರುವುದು ನೆಲದಿಂದ. ಜೀನ್ಸ್, ಹತ್ತಿ ಬನಿಯನ್ ಬೇಡ. ಬೆವರಿಗೆ ಒದ್ದೆಯಾದರೆ ಆರುವುದಿಲ್ಲ. ಮಲಗಲೆಂದೇ ಒಂದು ಜತೆ ಒಣ ಉಣ್ಣೆಯ ಸಾಕ್ಸ್ ಎತ್ತಿಡಿ.

ಬೆಂಕಿ 9,600 ಅಡಿಗಿಂತ ಮೇಲೆ ನಿಷಿದ್ಧ. ಅದರ ಕೆಳಗೆ ಈಗಾಗಲೇ ಇರುವ ಕಲ್ಲಿನ ಒಲೆಗುಂಡಿಗಳಲ್ಲಿ ಮಾತ್ರ, ಅದೂ ಆ ವಾರ ಕಾಳ್ಗಿಚ್ಚಿನ ನಿರ್ಬಂಧ ಇರದಿದ್ದರೆ. ನಿಮಗೆ ಅವಕಾಶವಿದ್ದರೂ ಹಾಕಬೇಡಿ ಎಂದೇ ನನ್ನ ಸಲಹೆ. ಸೆಪ್ಟೆಂಬರ್‌ನ ಕಾಡು ಒಣಗಿ ನಿಂತಿರುತ್ತದೆ. ಬೆಂಕಿಯ ಬೆಳಕಿಗೆ ಕಣ್ಣು ಕಟ್ಟಿದರೆ ನಕ್ಷತ್ರಗಳೂ ಕಾಣುವುದಿಲ್ಲ. ಮಕ್ಕಳು ಸನಿವೇಲ್‌ನಲ್ಲಿ ಆಕಾಶಗಂಗೆಯನ್ನು ಕಂಡಿರಲಾರರು. ಟಾರ್ಚ್ ಆರಿಸಿ ಇಪ್ಪತ್ತು ನಿಮಿಷ ಕತ್ತಲಲ್ಲಿ ಕೂರಿಸಿ, ತಾವಾಗಿಯೇ ಮಾತು ನಿಲ್ಲಿಸುತ್ತಾರೆ. ಅಂತ್ಯಾಕ್ಷರಿಯನ್ನು ದಾರಿಯಲ್ಲಿ ಹಾಡಿ. ನಡೆಯುವಾಗ ದನಿಯೆತ್ತಿದರೆ ಕರಡಿಗೂ ಮುನ್ಸೂಚನೆ ಆಗುತ್ತದೆ. ರಾತ್ರಿ ಮಾತ್ರ ಮೆಲುದನಿ ಸಾಕು. ಅದು ಜಾನ್ ಮ್ಯೂರ್ ಟ್ರೇಲ್‌ನ ದಾರಿ, ಇನ್ನೂರಕ್ಕೂ ಹೆಚ್ಚು ಮೈಲಿ ನಡೆಯುವವರು ಪಕ್ಕದ ಮರದ ಕೆಳಗೆ ಏಳಕ್ಕೇ ಮಲಗಿರುತ್ತಾರೆ.

ಕಣಿವೆಯಲ್ಲಿ ಫೋನ್ ಸಿಗ್ನಲ್ ನಂಬಬೇಡಿ. ಉಪಗ್ರಹದ ಮೂಲಕ ಸಂದೇಶ ಕಳಿಸುವ ಯಂತ್ರವನ್ನು ಒಂದಾದರೂ ಬಾಡಿಗೆಗೆ ತನ್ನಿ. ಐಫೋನ್ 14 ಮತ್ತು ಅದರ ನಂತರದ ಫೋನ್‌ಗಳಲ್ಲಿ ತುರ್ತು ಸಂದೇಶದ ಸೌಲಭ್ಯ ಇದೆ, ಆದರೆ ಮರದ ಮರೆಯಿಂದ ಬಯಲಿಗೆ ಬಂದು ಬಳಸಬೇಕು, ಮನೆಯಲ್ಲೇ ಒಮ್ಮೆ ಡೆಮೊ ಮಾಡಿ ನೋಡಿರಬೇಕು. ಊರಲ್ಲಿ ಉಳಿಯುವ ಒಬ್ಬ ಗೆಳೆಯರಿಗೆ ನಿಮ್ಮ ದಾರಿ, ಕಾರಿನ ನಂಬರು, ಎಷ್ಟು ಹೊತ್ತಿಗೆ ಫೋನ್ ಮಾಡುತ್ತೀರಿ, ಮಾಡದಿದ್ದರೆ ಎಷ್ಟು ಹೊತ್ತಿಗೆ ಅವರು ಪಾರ್ಕಿಗೆ ತಿಳಿಸಬೇಕು ಎಂದು ಬರೆದು ಕೊಡಿ.

ಕೊನೆಗೆ, ನಿಮ್ಮ 'ಎಲ್ಲಿಂದ ಶುರು' ಎಂಬ ಪ್ರಶ್ನೆ. ಪರ್ಮಿಟ್‌ನಿಂದ. ಒಂದು ಪರ್ಮಿಟ್‌ಗೆ ಹದಿನೈದು ಜನರ ಮಿತಿ, ನೀವು ಅದರೊಳಗೆ ಇದ್ದೀರಿ. ಹೊರಡುವ ದಿನಕ್ಕೆ 24 ವಾರ ಮುಂಚೆ ರೆಕ್ರಿಯೇಷನ್ ಡಾಟ್ ಗವ್ ಜಾಲತಾಣದಲ್ಲಿ ಲಾಟರಿ ನಡೆಯುತ್ತದೆ. ಆ ದಿನದ ಜಾಗಗಳಲ್ಲಿ ನೂರಕ್ಕೆ ಅರವತ್ತು ಅದರಲ್ಲಿ ಹೋಗುತ್ತವೆ. ಉಳಿದ ನಲವತ್ತು, ಹೊರಡುವ ಏಳು ದಿನ ಮುಂಚೆ ಬೆಳಿಗ್ಗೆ ಏಳಕ್ಕೆ ಬಿಡುಗಡೆ. ಇಬ್ಬರಿಗಾದರೆ ಆ ಕೊನೆಯ ವಾರದ ದಾರಿ ನೆಚ್ಚಬಹುದು, ಹನ್ನೊಂದು ಜಾಗ ಒಟ್ಟಿಗೆ ಸಿಗುವುದು ಕಷ್ಟ. ಹಾಗಾಗಿ ಲಾಟರಿಗೇ ಹಾಕಿ, ವಾರಾಂತ್ಯ ಬಿಟ್ಟು ಮಂಗಳವಾರ ಬುಧವಾರ ಕೇಳಿ, ಶಾಲೆಗೆ ಎರಡು ದಿನ ರಜೆ ಹಾಕಿಸಿ. ಲಯೆಲ್ ಕ್ಯಾನಿಯನ್ ಎಂದು ಆರಿಸುವಾಗ ಡಾನಹ್ಯೂ ಪಾಸ್ ದಾಟುವ ಪರ್ಮಿಟ್ ಕೇಳಬೇಡಿ. ಅದಕ್ಕೆ ಉದ್ದ ದಾರಿಯವರ ನೂಕುನುಗ್ಗಲು, ನಿಮಗೆ ಅದರ ಅಗತ್ಯವೂ ಇಲ್ಲ. ಸೆಪ್ಟೆಂಬರ್ ಎರಡನೇ ವಾರಕ್ಕೆ 24 ವಾರ ಹಿಂದೆ ಎಣಿಸಿದರೆ ಮಾರ್ಚ್ ಕೊನೆ, ಅಂದರೆ ಯುಗಾದಿಯ ಆಸುಪಾಸು. ಹೋಳಿಗೆ ಊಟ ಮುಗಿಸಿ ಮೂರೂ ಮನೆಯವರು ಒಂದು ಕಂಪ್ಯೂಟರ್ ಮುಂದೆ ಕೂತುಬಿಡಿ. ಗುಂಪಿನ ಮುಖ್ಯಸ್ಥರೆಂದು ಯಾರ ಹೆಸರು ಬರೆಯುತ್ತೀರೋ ಅವರು ಆ ದಿನ ಖಂಡಿತ ಬರುವವರಾಗಿರಲಿ. ರಾಫರ್ಟಿ ಕವಲಿನಲ್ಲಿ ಹನ್ನೊಂದು ತಲೆ ಎಣಿಸಿ, ಎಣಿಕೆ ಸರಿಹೋಗುವವರೆಗೆ ಎಲ್ಲರನ್ನೂ ನಿಲ್ಲಿಸಬಲ್ಲವರ ಹೆಸರನ್ನು ಅಲ್ಲಿ ಬರೆಯಿರಿ.